ಒಳತೊಡೆಯ ಸ್ನಾಯುಗಳು: ಪದಾರ್ಥ, ಅಂಗರಚನೆ ಮತ್ತು ಜನಪದ ದೇಹಜ್ಞಾನ

ದೇಹವನ್ನು ಕುರಿತ ಜನಪದರ ತಿಳಿವಳಿಕೆ ಎಂದೊಡನೆ ನಮ್ಮ ವಿದ್ವತ್ ವಲಯದ ಗಮನ ಸಾಮಾನ್ಯವಾಗಿ ನಾಟಿವೈದ್ಯ, ಗಿಡಮೂಲಿಕೆ, ಬಾಣಂತನ, ದೃಷ್ಟಿ ನಿವಾಳಿಸುವುದು ಮುಂತಾದ ವಿಷಯಗಳತ್ತ ಹರಿಯುತ್ತದೆ. ದುಡಿಯುವ, ಕುಣಿಯುವ, ಸೆಣಸುವ ದೇಹದ ಒಳರಚನೆಯನ್ನು ಆ ದೇಹದ ಒಡೆಯರು ಹೇಗೆ ಅರಿತಿದ್ದರು ಎಂಬ ಪ್ರಶ್ನೆಯನ್ನು ನಾವು ಕೇಳಿರುವುದು ಕಡಿಮೆ. ಪ್ರಸ್ತುತ ಲೇಖನದಲ್ಲಿ ದೇಹದ ಒಂದೇ ಒಂದು ಸ್ನಾಯುಗುಂಪನ್ನು, ಅಂದರೆ ವೈದ್ಯಶಾಸ್ತ್ರವು ‘ಅಡಕ್ಟರ್’ ಎಂದು ಕರೆಯುವ ಒಳತೊಡೆಯ ಸ್ನಾಯುಗಳನ್ನು ಆರಿಸಿಕೊಂಡು, ಅವುಗಳ ಹೆಸರಿನ ಅರ್ಥ, ರಚನೆ ಹಾಗೂ ಕನ್ನಡ ನಾಡಿನ ಕಸುಬು–ಕಲೆಗಳಲ್ಲಿ ಅವುಗಳಿಗಿರುವ ಸ್ಥಾನವನ್ನು ಪರಿಶೀಲಿಸಲಾಗಿದೆ. ಈ ಸ್ನಾಯುಗಳಿಗೆ ಕನ್ನಡದ ಆಡುಮಾತಿನಲ್ಲಿ ಪ್ರತ್ಯೇಕ ನಾಮಪದವಿಲ್ಲ. ಆದರೆ ಅವು ಮಾಡುವ ಕೆಲಸಕ್ಕೆ ಕ್ರಿಯಾಪದಗಳು ಸಮೃದ್ಧವಾಗಿವೆ. ಹೆಸರಿಲ್ಲದ ಕಾರಣಕ್ಕೆ ಅರಿವೂ ಇರಲಿಲ್ಲವೆಂದು ತೀರ್ಮಾನಿಸುವುದು ಅವಸರದ ಮಾತಾಗುತ್ತದೆ ಎಂಬುದು ಇಲ್ಲಿನ ಪ್ರತಿಪಾದನೆ.

ಪದದ ಅರ್ಥ

‘ಅಡಕ್ಟರ್’ ಎಂಬುದು ಲ್ಯಾಟಿನ್ ಮೂಲದ ಶಬ್ದ. ‘ಅಡ್’ ಎಂದರೆ ಕಡೆಗೆ, ‘ಡುಕೆರೆ’ ಎಂದರೆ ಕರೆದೊಯ್ಯು, ಸೆಳೆ. ದೇಹದ ನಡುಗೆರೆಯನ್ನು ಕಲ್ಪಿಸಿಕೊಂಡರೆ, ಆ ಗೆರೆಯಿಂದ ದೂರ ಸರಿದ ಅಂಗವನ್ನು ಮತ್ತೆ ಅದರ ಕಡೆಗೆ ಎಳೆದು ತರುವ ಸ್ನಾಯು ಎಂಬುದು ಇದರ ಅರ್ಥ. ಇದಕ್ಕೆ ವಿರುದ್ಧವಾದುದು ‘ಅಬ್ಡಕ್ಟರ್’, ಅಂದರೆ ದೂರಕ್ಕೆ ಒಯ್ಯುವುದು. ಇಂಗ್ಲಿಷಿನಲ್ಲಿ ಅಪಹರಣಕ್ಕೆ ಬಳಸುವ ಶಬ್ದವೂ ಇದೇ ಬೇರಿನದು. ಎರಡು ಹೆಸರುಗಳೂ ಕಿವಿಗೆ ಒಂದೇ ರೀತಿ ಕೇಳಿಸುವುದರಿಂದ ವೈದ್ಯಕೀಯ ಬೋಧನೆಯಲ್ಲಿ ‘ಎ-ಡಿ’, ‘ಎ-ಬಿ’ ಎಂದು ಅಕ್ಷರ ಬಿಡಿಸಿ ಹೇಳುವ ರೂಢಿಯಿದೆ. ಸಂಸ್ಕೃತದ ಮಾದರಿಯಲ್ಲಿ ‘ಅಭಿಕರ್ಷಕ’, ‘ಅಪಕರ್ಷಕ’ ಎಂಬ ಜೋಡಿಯನ್ನು ರಚಿಸಿಕೊಂಡರೂ ಗೊಂದಲ ಪೂರ್ತಿಯಾಗಿ ಪರಿಹಾರವಾಗುವುದಿಲ್ಲ. ಆದ್ದರಿಂದ ಈ ಲೇಖನದಲ್ಲಿ ‘ಒಳಸೆಳೆ ಸ್ನಾಯು’ ಎಂಬ ಸರಳ ರೂಪವನ್ನು ಬಳಸಲಾಗಿದೆ.

‘ಸ್ನಾಯು’ ಎಂಬ ಶಬ್ದದ ಬಗೆಗೂ ಒಂದು ಮಾತು ಅಗತ್ಯ. ಇಂದಿನ ಕನ್ನಡದಲ್ಲಿ ಅದು ಕುಗ್ಗಿ ಹಿಗ್ಗುವ ಮಾಂಸದ ಕಟ್ಟನ್ನು ಸೂಚಿಸುತ್ತದೆ. ಆಯುರ್ವೇದ ಗ್ರಂಥಗಳಲ್ಲಿ ಹಾಗಿಲ್ಲ. ಅಲ್ಲಿ ಮಾಂಸದ ಕಟ್ಟಿಗೆ ‘ಪೇಶಿ’ ಎಂದೂ, ಮೂಳೆ–ಕೀಲುಗಳನ್ನು ಬಿಗಿದು ಕಟ್ಟುವ ನಾರಿನಂಥ ಭಾಗಕ್ಕೆ ‘ಸ್ನಾಯು’ ಎಂದೂ ಹೆಸರು. ಹಳೆಯ ಗ್ರಂಥವನ್ನು ಇಂದಿನ ಅರ್ಥದಲ್ಲಿ ಓದಿದರೆ ಲೆಕ್ಕವೇ ತಪ್ಪುತ್ತದೆ.

ಆಡುಗನ್ನಡದತ್ತ ಬಂದರೆ ಚಿತ್ರವೇ ಬೇರೆ. ಎರಡು ತೊಡೆಗಳ ನಡುವೆ ಒಂದು ವಸ್ತುವನ್ನು ಹಿಡಿದುಕೊಳ್ಳುವುದು ‘ಇರುಕುವುದು’. ಮೈಗೆ ಒತ್ತಿ ಹಿಡಿಯುವುದು ‘ಅವುಚುವುದು’. ಒತ್ತಾಗಿ ಸೇರಿಸುವುದು ‘ಅಡಕುವುದು’. ತೋಳುಗಳಿಂದಾದರೆ ‘ಅಪ್ಪುವುದು’, ‘ತಬ್ಬುವುದು’. ಇವೆಲ್ಲವೂ ಅಂಗವನ್ನು ನಡುಗೆರೆಯತ್ತ ತರುವ ಚಲನೆಗಳೇ. ಎದುರು ಚಲನೆಗೆ ‘ಕಿಸಿಯುವುದು’, ‘ಅಗಲಿಸುವುದು’, ‘ಚಾಚುವುದು’ ಎಂಬ ಮಾತುಗಳಿವೆ. (‘ಅಡಕು’ ಮತ್ತು ‘ಅಡಕ್ಟರ್’ ಶಬ್ದಗಳ ಧ್ವನಿಸಾಮ್ಯ ಕೇವಲ ಆಕಸ್ಮಿಕ. ಇಂಥ ಸಾಮ್ಯಗಳನ್ನು ಹಿಡಿದು ಭಾಷಾಬಾಂಧವ್ಯ ಕಟ್ಟುವ ಉತ್ಸಾಹ ನಮ್ಮಲ್ಲಿ ಆಗಾಗ ಕಾಣಿಸಿಕೊಳ್ಳುವುದರಿಂದ ಈ ಎಚ್ಚರಿಕೆ.) ಗಮನಿಸಬೇಕಾದ ಸಂಗತಿಯೆಂದರೆ, ಲ್ಯಾಟಿನ್ ಶಬ್ದವೂ ಮೂಲತಃ ಒಂದು ಕ್ರಿಯೆಯ ಹೆಸರೇ. ಅಂಗರಚನಾಶಾಸ್ತ್ರಜ್ಞರು ಈ ಮಾಂಸಖಂಡಗಳನ್ನು ಅವುಗಳ ಕೆಲಸದಿಂದ ಗುರುತಿಸಿದರು. ಕನ್ನಡ ಜನಪದರೂ ಕೆಲಸವನ್ನೇ ಹೆಸರಿಸಿದರು, ಮಾಂಸಖಂಡವನ್ನು ಬೇರ್ಪಡಿಸಿ ನೋಡುವ ಅಗತ್ಯ ಅವರಿಗೆ ಬೀಳಲಿಲ್ಲ.

ಒಳಸೆಳೆ ಸ್ನಾಯುಗಳು ತೊಡೆಗೆ ಮಾತ್ರ ಸೀಮಿತವಲ್ಲ. ಹೆಬ್ಬೆರಳನ್ನು ಅಂಗೈಯತ್ತ ಸೆಳೆಯುವ ಸ್ನಾಯುವೂ ಇದೇ ಹೆಸರಿನದು. ಮೃದ್ವಂಗಿಗಳಲ್ಲಂತೂ ಇದರ ಪಾತ್ರ ಕುತೂಹಲಕರ. ಅಘನಾಶಿನಿಯ ಅಳಿವೆಯಲ್ಲಿ ಹೆಂಗಸರು ಗಂಡಸರು ಇಳಿತದ ವೇಳೆಯಲ್ಲಿ ಆರಿಸುವ ಬಳಚು, ತುಳುವರ ಮರುವಾಯಿ, ಇವುಗಳ ಎರಡು ಚಿಪ್ಪುಗಳನ್ನು ಮುಚ್ಚಿ ಹಿಡಿಯುವುದು ಎರಡು ಒಳಸೆಳೆ ಸ್ನಾಯುಗಳು. ತೆರೆಯುವುದಕ್ಕೆ ಸ್ನಾಯುವೇ ಇಲ್ಲ. ಚಿಪ್ಪಿನ ಕೀಲಿನಲ್ಲಿರುವ ಸ್ಪ್ರಿಂಗಿನಂಥ ಬಂಧವೊಂದು ಸದಾ ತೆರೆಯಲು ಹವಣಿಸುತ್ತಿರುತ್ತದೆ. ಸ್ನಾಯು ಅದನ್ನು ತಡೆದು ಹಿಡಿದಿರುತ್ತದೆ. ಅತ್ಯಲ್ಪ ಶಕ್ತಿ ವ್ಯಯಿಸಿ ಗಂಟೆಗಟ್ಟಲೆ ಬಿಗಿ ಹಿಡಿಯುವ ಸಾಮರ್ಥ್ಯ ಅದಕ್ಕಿದೆ. ಜೀವಿ ಸತ್ತಾಗ ಅಥವಾ ಬಿಸಿ ತಾಗಿದಾಗ ಹಿಡಿತ ಸಡಿಲಿ ಚಿಪ್ಪು ಬಾಯಿ ಬಿಡುತ್ತದೆ. ಬೇಯಿಸುವ ಮೊದಲೇ ಬಾಯಿ ಬಿಟ್ಟಿದ್ದು, ತಟ್ಟಿದರೂ ಮುಚ್ಚದ ಚಿಪ್ಪನ್ನು ಎಸೆಯಬೇಕೆಂಬ ಕರಾವಳಿಯ ಅಡುಗೆಮನೆಯ ವಿವೇಕ ನಿಂತಿರುವುದು ಈ ಸ್ನಾಯುವಿನ ಮೇಲೆಯೇ.

ರಚನೆ

ಮನುಷ್ಯನ ತೊಡೆಯನ್ನು ಅಡ್ಡಲಾಗಿ ಕೊಯ್ದಂತೆ ಕಲ್ಪಿಸಿಕೊಂಡರೆ ಸ್ನಾಯುಗಳು ಮೂರು ಗುಂಪುಗಳಾಗಿ ಕಾಣುತ್ತವೆ. ಮುಂದಿನವು ಮಂಡಿಯನ್ನು ನೀಡುತ್ತವೆ, ಹಿಂದಿನವು ಮಡಿಸುತ್ತವೆ, ಒಳಗಿನವು ತೊಡೆಗಳನ್ನು ಕೂಡಿಸುತ್ತವೆ. ಒಳಗುಂಪಿನಲ್ಲಿ ಮುಖ್ಯವಾದವು ಐದು: ಪೆಕ್ಟಿನಿಯಸ್, ಅಡಕ್ಟರ್ ಲಾಂಗಸ್, ಅಡಕ್ಟರ್ ಬ್ರೀವಿಸ್, ಅಡಕ್ಟರ್ ಮ್ಯಾಗ್ನಸ್ ಮತ್ತು ಗ್ರಾಸಿಲಿಸ್. ಹೆಸರುಗಳ ಅರ್ಥ ಸರಳವಾಗಿದೆ. ಮೊದಲನೆಯದು ಲ್ಯಾಟಿನ್ನಿನ ‘ಬಾಚಣಿಗೆ’ ಎಂಬ ಶಬ್ದದಿಂದ ಬಂದದ್ದು. ನಂತರದ ಮೂರು ಉದ್ದನೆಯದು, ಗಿಡ್ಡನೆಯದು, ದೊಡ್ಡದು. ಕೊನೆಯದು ಸಣಕಲು.

ಇವುಗಳೆಲ್ಲ ಹೊರಡುವುದು ಶ್ರೋಣಿಯ ಮುಂಭಾಗದ ಮೂಳೆ ಮತ್ತು ಅದರ ಕೆಳಗಿನ ಕಮಾನಿನಿಂದ. ದೊಡ್ಡ ಸ್ನಾಯುವಿನ ಹಿಂಭಾಗ ಮಾತ್ರ ನಾವು ಕುಳಿತಾಗ ನೆಲಕ್ಕೆ ಒತ್ತುವ ಮೂಳೆಯ ಗಂಟಿನಿಂದ ಹೊರಡುತ್ತದೆ. ಅಲ್ಲಿಂದ ಬೀಸಣಿಗೆಯಂತೆ ಹರಡುತ್ತ ಇಳಿದು ತೊಡೆಮೂಳೆಯ ಹಿಂಬದಿಯಲ್ಲಿ ಉದ್ದಕ್ಕೂ ಇರುವ ಒರಟು ಏಣಿಗೆ ಅಂಟಿಕೊಳ್ಳುತ್ತವೆ. ದೊಡ್ಡ ಸ್ನಾಯುವಿನ ತುದಿ ಮಂಡಿಯ ಮೇಲ್ಗಡೆ ಒಳಬದಿಯಲ್ಲಿರುವ ಪುಟ್ಟ ಗುಬ್ಬಿಯವರೆಗೂ ಇಳಿಯುತ್ತದೆ. ಸಣಕಲು ಸ್ನಾಯು ಮಾತ್ರ ಮಂಡಿಯನ್ನೂ ದಾಟಿ ಮೊಣಕಾಲಿನ ಮೂಳೆಗೆ ಸೇರುತ್ತದೆ. ಗುಂಪಿನಲ್ಲಿ ಎರಡು ಕೀಲುಗಳನ್ನು ದಾಟುವುದು ಅದೊಂದೇ. ಅದನ್ನು ತೆಗೆದರೂ ಕಾಲಿನ ಬಲ ಹೆಚ್ಚು ಕುಂದುವುದಿಲ್ಲವಾದ್ದರಿಂದ ಶಸ್ತ್ರವೈದ್ಯರು ಹರಿದ ಮಂಡಿಬಂಧವನ್ನು ಕಟ್ಟಲು ಅದರ ನಾರನ್ನು ಎರವಲು ಪಡೆಯುತ್ತಾರೆ.

ಗುಂಪಿನ ಹೆಚ್ಚಿನ ಸ್ನಾಯುಗಳಿಗೆ ಆಜ್ಞೆ ತರುವುದು ಸೊಂಟದ ಎರಡನೆಯ, ಮೂರನೆಯ, ನಾಲ್ಕನೆಯ ನರಬೇರುಗಳಿಂದ ಹುಟ್ಟುವ ಆಬ್ಟುರೇಟರ್ ನರ. ಬಾಚಣಿಗೆ ಸ್ನಾಯು ಬಹುಪಾಲು ಮುಂದೊಡೆಯ ನರವನ್ನು ಅವಲಂಬಿಸಿದೆ. ದೊಡ್ಡ ಸ್ನಾಯುವಿನ ಹಿಂಭಾಗ ಹಿಂದೊಡೆಯ ನರಕ್ಕೆ ಸೇರಿದ್ದು. ಒಂದೇ ಸ್ನಾಯುವಿಗೆ ಎರಡು ನರಗಳಿರುವುದರಿಂದ ಅದನ್ನು ಎರಡು ಸ್ನಾಯುಗಳ ಕೂಡುವಿಕೆ ಎಂದೇ ಅನೇಕರು ಪರಿಗಣಿಸುತ್ತಾರೆ. ತೊಡೆಗಳನ್ನು ಕೂಡಿಸುವುದಷ್ಟೇ ಕೆಲಸವಾಗಿದ್ದರೆ ಇಷ್ಟು ದಪ್ಪನೆಯ ಮಾಂಸರಾಶಿ ಬೇಕಿರಲಿಲ್ಲ. ನಡೆಯುವಾಗ ಒಂಟಿಕಾಲಿನ ಮೇಲೆ ನಿಂತ ದೇಹವನ್ನು ತೂಗಿಸುವುದು, ಕುಕ್ಕರುಗಾಲಿನಿಂದ ಮೇಲೇಳುವುದು, ಏರು ಹತ್ತುವುದು ಇವೆಲ್ಲದರಲ್ಲಿ, ವಿಶೇಷವಾಗಿ ದೊಡ್ಡ ಸ್ನಾಯು, ತೊಡೆಯನ್ನು ಹಿಂದಕ್ಕೆ ನೀಡುವ ಮೂಲಕ ಭಾಗಿಯಾಗುತ್ತದೆ. ನೆಲದ ಮೇಲೆ ಕುಳಿತು ಏಳುವ ಸಂಸ್ಕೃತಿಯ ಜನರಿಗೆ ಇದು ದಿನಬಳಕೆಯ ಸ್ನಾಯು.

ಹಳೆಯ ಐರೋಪ್ಯ ಅಂಗರಚನಾಕಾರರು ಈ ಗುಂಪಿಗೆ ‘ಕನ್ಯತ್ವದ ಕಾವಲುಗಾರರು’ ಎಂಬರ್ಥದ ಲ್ಯಾಟಿನ್ ಹೆಸರನ್ನೂ ಇಟ್ಟಿದ್ದರು. ಶಾಸ್ತ್ರದ ಪರಿಭಾಷೆ ಲೋಕದ ನಂಬಿಕೆಯಿಂದ ಮುಕ್ತವಾದುದೆಂದು ಭಾವಿಸುವವರು ಈ ಹೆಸರನ್ನು ನೆನೆಯಬೇಕು.

ಸುಶ್ರುತ ಸಂಹಿತೆಯ ಶಾರೀರಸ್ಥಾನವು ದೇಹದಲ್ಲಿ 500 ಪೇಶಿಗಳನ್ನು ಎಣಿಸುತ್ತದೆ. ಅವುಗಳಲ್ಲಿ 400 ಕೈಕಾಲುಗಳಲ್ಲಿವೆ. ಒಂದು ಕಾಲಿನ ನೂರರಲ್ಲಿ ತೊಡೆಗೆ 20, ತೊಡೆಸಂದಿಗೆ, ಅಂದರೆ ವಂಕ್ಷಣಕ್ಕೆ, 10. ಈ ಲೆಕ್ಕವನ್ನು ಇಂದಿನ ಸ್ನಾಯುಪಟ್ಟಿಗೆ ಒಂದಕ್ಕೊಂದು ಹೊಂದಿಸುವ ಪ್ರಯತ್ನ ಫಲಪ್ರದವಲ್ಲ. ಎಣಿಕೆಯ ತತ್ತ್ವವೇ ಬೇರೆ. ಆದರೆ ಮರ್ಮಗಳ ವಿವರಣೆಯಲ್ಲಿ ಸಾಮ್ಯ ನಿಜವಾಗಿಯೂ ಗಮನಾರ್ಹ. ತೊಡೆಯ ನಡುಭಾಗದಲ್ಲಿ ‘ಊರ್ವಿ’, ಅದರ ಮೇಲೆ ತೊಡೆಯ ಬುಡದಲ್ಲಿ ‘ಲೋಹಿತಾಕ್ಷ’ ಎಂಬ ಮರ್ಮಗಳನ್ನು ಹೇಳಿ, ಊರ್ವಿಗೆ ಪೆಟ್ಟಾದರೆ ರಕ್ತಕ್ಷಯದಿಂದ ಕಾಲು ಸೊರಗುತ್ತದೆ ಎನ್ನಲಾಗಿದೆ. ಅಂಗರಚನೆಯ ಪ್ರಕಾರ ತೊಡೆಯ ಮುಖ್ಯ ರಕ್ತನಾಳವು ನಡುದೊಡೆಯಲ್ಲಿ ಒಳಸೆಳೆ ಸ್ನಾಯುಗಳ ಬದಿಯ ಕಾಲುವೆಯೊಂದರಲ್ಲಿ ಸಾಗಿ, ದೊಡ್ಡ ಸ್ನಾಯುವಿನ ಕೆಳತುದಿಯಲ್ಲಿರುವ ಕಿಂಡಿಯ ಮೂಲಕ ಮಂಡಿಯ ಹಿಂಭಾಗಕ್ಕೆ ದಾಟುತ್ತದೆ. 1785ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ ಮಂಡಿಯ ಹಿಂದೆ ಉಬ್ಬಿದ ರಕ್ತನಾಳದ ಚಿಕಿತ್ಸೆಗಾಗಿ ಆ ನಾಳವನ್ನು ಕಟ್ಟಿದ್ದು ಈ ಕಾಲುವೆಯಲ್ಲಿಯೇ. ಇಂದಿಗೂ ಅದಕ್ಕೆ ಹಂಟರನ ಕಾಲುವೆ ಎಂಬ ಹೆಸರಿದೆ.

ಕಸುಬು ಮತ್ತು ಕಲೆ

ಈ ಸ್ನಾಯುಗಳನ್ನು ಕನ್ನಡ ನಾಡಿನಲ್ಲಿ ಅತ್ಯಂತ ತೀವ್ರವಾಗಿ ದುಡಿಸಿಕೊಂಡ ಕಸುಬು ಬಹುಶಃ ಮರ ಹತ್ತುವುದು. ಅಡಕೆ ಮರದಲ್ಲಿ ಕೊಂಬೆಯಿಲ್ಲ, ಕಾಲಿಡಲು ಆಸರೆಯಿಲ್ಲ. ಹತ್ತುವವನು ಪಾದಗಳಿಗೆ ನಾರಿನ ತಳೆ ಹಾಕಿಕೊಂಡು, ಎರಡು ಪಾದಗಳಿಂದ ಕಾಂಡವನ್ನು ಇಕ್ಕೆಲಗಳಿಂದ ಒತ್ತಿ ಹಿಡಿದು, ತೋಳುಗಳಿಂದ ತಬ್ಬಿ, ಮೈಯನ್ನು ಮೇಲಕ್ಕೆ ನೂಕುತ್ತಾನೆ. ಇಲ್ಲಿ ತಳೆಯ ಕೆಲಸವನ್ನು ಸೂಕ್ಷ್ಮವಾಗಿ ಗಮನಿಸಬೇಕು. ಮೈಭಾರ ಬಿದ್ದಾಗ ಪಾದಗಳು ಅಗಲಕ್ಕೆ ಜಾರಲು ನೋಡುತ್ತವೆ. ಅದನ್ನು ತಡೆಯಬೇಕಾದವು ಒಳಸೆಳೆ ಸ್ನಾಯುಗಳು. ತಳೆ ಪಾದಗಳು ಅಗಲದಂತೆ ಕಟ್ಟಿಹಾಕಿ ಸ್ನಾಯುವಿನ ದುಡಿಮೆಯ ಒಂದು ಪಾಲನ್ನು ತಾನು ಹೊರುತ್ತದೆ. ನೂಕುವ ಬಲವೇ ಒತ್ತುವ ಬಲವಾಗಿ ಮಾರ್ಪಡುತ್ತದೆ. ಒಂದು ಮೊಳ ನಾರಿನಿಂದ ಮೈಹೊರಗೆ ಇನ್ನೊಂದು ಸ್ನಾಯುವನ್ನು ಕಟ್ಟಿಕೊಂಡಂತೆ ಇದು. ತೊಡೆಯ ಒಳಗಿನ ಬಲ ಎಲ್ಲಿ ಸೋಲುತ್ತದೆ ಎಂಬುದನ್ನು ಅರಿಯದವನು ಇಂಥ ಸಾಧನವನ್ನು ರೂಪಿಸಲಾರ. ಹೆಸರಿಲ್ಲದ ಅರಿವು ಎಂದು ಆರಂಭದಲ್ಲಿ ಹೇಳಿದ್ದಕ್ಕೆ ತಳೆಗಿಂತ ಉತ್ತಮ ಸಾಕ್ಷಿ ಬೇಕಿಲ್ಲ.

ಮಲೆನಾಡಿನ ಕೊನೆಗೌಡರು ಒಂದು ಮರದ ತುದಿಯಲ್ಲಿದ್ದುಕೊಂಡೇ ಪಕ್ಕದ ಮರವನ್ನು ಬಾಗಿಸಿಕೊಂಡು ಅದಕ್ಕೆ ದಾಟುವ ಕ್ಷಣದಲ್ಲಂತೂ ಕಾಲುಗಳು ಪೂರ್ತಿ ಅಗಲಿ ಮತ್ತೆ ಕೂಡಬೇಕು. ಅತಿಯಾಗಿ ಹಿಗ್ಗಿದ ಸ್ಥಿತಿಯಲ್ಲಿಯೇ ಬಲ ಹಾಕಬೇಕಾದ ಈ ಚಲನೆ ಸ್ನಾಯುವಿಗೆ ಅತ್ಯಂತ ಕಠಿಣವಾದುದು. ಇತ್ತೀಚಿನ ವರ್ಷಗಳಲ್ಲಿ ನೆಲದ ಮೇಲೆ ನಿಂತು ಕೊನೆ ಇಳಿಸುವ ಕಾರ್ಬನ್ ಫೈಬರ್ ದೋಟಿಗಳು ತೋಟಗಳಿಗೆ ಬಂದಿವೆ. ಬಿದ್ದು ಸಾಯುವ, ಅಂಗ ಊನವಾಗುವ ಅಪಾಯ ತಗ್ಗುವುದಾದರೆ ಅದನ್ನು ಯಾರೂ ವಿಷಾದದಿಂದ ಕಾಣಬೇಕಾಗಿಲ್ಲ. ಆದರೆ ಹತ್ತುವ ವಿಧಾನವನ್ನು ಬಲ್ಲವರು ಇರುವಾಗಲೇ ಅದರ ಚಲನೆ, ಪದಗಳನ್ನು ದಾಖಲಿಸುವ ಹೊಣೆ ನಮ್ಮ ಮೇಲಿದೆ. ಹಾಡು–ಕಥೆಗಳ ದಾಖಲೆಗೆ ಸಂದ ಶ್ರಮದ ಒಂದು ಅಂಶವೂ ಇದಕ್ಕೆ ಸಂದಿಲ್ಲ.

ಹಾಲು ಕರೆಯುವವರು ತುದಿಗಾಲಲ್ಲಿ ಕುಕ್ಕರಿಸಿ ಪಾತ್ರೆಯನ್ನು ಮಂಡಿಗಳ ನಡುವೆ ಇರುಕಿಕೊಳ್ಳುವುದು ಇದೇ ಸ್ನಾಯುಗಳ ಇನ್ನೊಂದು ನಿತ್ಯಪ್ರಯೋಗ. ಹಸು ಒದ್ದರೂ ಪಾತ್ರೆ ಉರುಳಬಾರದು, ಪಾತ್ರೆ ತುಂಬಿದಷ್ಟೂ ಹಿಡಿತ ಬಿಗಿಯಾಗಬೇಕು, ಕೈಗಳೆರಡೂ ಬೇರೆ ಕೆಲಸದಲ್ಲಿವೆ. ತಾಯಿಯ ಸೊಂಟದ ಮೇಲೆ ಕುಳಿತ ಕೂಸು ಕಾಲುಗಳಿಂದ ಅವಳನ್ನು ಅವುಚಿಕೊಳ್ಳುವುದೂ ಇದೇ ಬಗೆಯದು. ಕುದುರೆ ಸವಾರಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಂಕವಣೆ ಇಲ್ಲದ ಸವಾರನಿಗೆ ತೊಡೆಯ ಹಿಡಿತವೇ ಆಸನ. ದೀರ್ಘಕಾಲ ಸವಾರಿ ಮಾಡಿದವರ ಒಳಸೆಳೆ ಸ್ನಾಯುವಿನ ನಾರಿನಲ್ಲಿ ಮೂಳೆ ಬೆಳೆಯುವುದುಂಟು. ವೈದ್ಯರು ಅದನ್ನು ‘ಸವಾರನ ಮೂಳೆ’ ಎಂದೇ ಕರೆದರು.

ಗರಡಿಯ ಪೈಲ್ವಾನ ಕಣಕ್ಕಿಳಿದು ತೊಡೆ ತಟ್ಟುತ್ತಾನೆ. ಸವಾಲಿನ ಈ ಸದ್ದು ಏಳುವುದು ತೊಡೆಯ ಮುಂಭಾಗದಿಂದ. ಎದುರಾಳಿಯ ಕಾಲನ್ನು ತನ್ನ ಕಾಲುಗಳ ನಡುವೆ ಸಿಕ್ಕಿಸಿ ಹಿಡಿದಾಗ ದುಡಿಯುವುದು ಒಳಭಾಗ. ಗರಡಿಯ ಸಾಮಿನಲ್ಲಿ ಬಸ್ಕಿಗೆ ಇರುವ ಮಹತ್ವವನ್ನು ಈ ದೃಷ್ಟಿಯಿಂದ ನೋಡಬೇಕು. ಪೂರ್ತಿ ಕುಳಿತು ಏಳುವ ಬಸ್ಕಿಯಲ್ಲಿ ಆಳಕ್ಕೆ ಇಳಿದಷ್ಟೂ ಒಳಸೆಳೆಯ ದೊಡ್ಡ ಸ್ನಾಯುವಿನ ಪಾಲು ಹೆಚ್ಚುತ್ತದೆ. ಗದಗ, ಬಾಗಲಕೋಟೆ ಜಿಲ್ಲೆಗಳಲ್ಲಿ ಇಂದಿಗೂ ಜೀವಂತವಾಗಿರುವ ಮಲ್ಲಕಂಬದಲ್ಲಿ ಕಂಬವನ್ನು ತೊಡೆಗಳಿಂದ ಹಿಡಿದು ಕೈಗಳನ್ನು ಬಿಟ್ಟು ನಿಲ್ಲುವ ಭಂಗಿಗಳಿವೆ. ಮರ ಹತ್ತುವವನ ದುಡಿಮೆ ಇಲ್ಲಿ ಆಟವಾಗಿದೆ. ಮಲ್ಲವಿದ್ಯೆಗೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ಪ್ರತ್ಯೇಕ ಭಾಗವನ್ನೇ ಮೀಸಲಿಟ್ಟಿರುವುದು ವಿದ್ವಾಂಸರಿಗೆ ತಿಳಿದ ಸಂಗತಿ.

ಬಡಗುತಿಟ್ಟು ಯಕ್ಷಗಾನದ ಮಂಡಿ, ಅಂದರೆ ಮೊಣಕಾಲೂರಿ ರಂಗದ ಸುತ್ತ ಗಿರಕಿ ಹೊಡೆಯುವ ಕುಣಿತ, ತೊಡೆಗಳು ಹಿಡಿತ ತಪ್ಪಿ ಅಗಲದಿದ್ದರೆ ಮಾತ್ರ ಸಾಧ್ಯ. ತೆಂಕುತಿಟ್ಟಿನ ಧಿಗಿಣದಲ್ಲಿ ಗಾಳಿಯಲ್ಲಿ ಬೀಸಿದ ಕಾಲುಗಳನ್ನು ನೆಲ ಮುಟ್ಟುವ ಮೊದಲು ಒಳಕ್ಕೆ ಎಳೆದುಕೊಳ್ಳಬೇಕು. ಎರಡೂ ತಿಟ್ಟುಗಳ ಕಲಿಕೆಯಲ್ಲಿ ಎಳವೆಯಿಂದಲೇ ಅಭ್ಯಾಸಕ್ಕೆ ಒತ್ತು ಕೊಡುವುದಕ್ಕೆ ಇದೂ ಒಂದು ಕಾರಣವಿರಬೇಕು.

ಜರಾಸಂಧನ ಪ್ರಸಂಗ

ಕಥನ ಪರಂಪರೆಯಲ್ಲಿ ತೊಡೆ ಎಂದೊಡನೆ ದುರ್ಯೋಧನನ ಊರುಭಂಗ ನೆನಪಾಗುತ್ತದೆ. ಆದರೆ ನಮ್ಮ ವಿಷಯಕ್ಕೆ ಹತ್ತಿರವಾದುದು ಜರಾಸಂಧನ ವಧೆ. ಎರಡು ಹೋಳುಗಳಾಗಿ ಹುಟ್ಟಿ ಬಿಸುಡಲ್ಪಟ್ಟ ಶಿಶುವನ್ನು ಜರೆ ಎಂಬ ರಾಕ್ಷಸಿ ಕೂಡಿಸಿದಳು. ‘ಸಂಧ’ ಎಂಬಲ್ಲಿ ಕೂಡಿಸುವ ಕ್ರಿಯೆ ಹೆಸರೇ ಆಗಿ ನಿಂತಿದೆ. ಭಾಗವತದ ದಶಮಸ್ಕಂಧದಲ್ಲಿ ಕೃಷ್ಣನು ರೆಂಬೆಯೊಂದನ್ನು ಸೀಳಿ ಸನ್ನೆ ಮಾಡಲು, ಭೀಮನು ಜರಾಸಂಧನ ಒಂದು ಕಾಲನ್ನು ಮೆಟ್ಟಿ ಇನ್ನೊಂದನ್ನು ಕೈಗಳಿಂದೆತ್ತಿ ಸೀಳುತ್ತಾನೆ. ಸೀಳಿದ ಹೋಳುಗಳು ಮತ್ತೆ ಕೂಡಿಕೊಂಡವೆಂದೂ, ಅವನ್ನು ಅದಲುಬದಲಾಗಿ ಎಸೆಯಬೇಕಾಯಿತೆಂದೂ ಜನಪ್ರಿಯ ಕಥನಗಳು ಹೇಳುತ್ತವೆ. ಅಂಗರಚನೆಯ ಭಾಷೆಯಲ್ಲಿ ಇದು ಬಲವಂತದ ಅಗಲಿಸುವಿಕೆ. ಅದನ್ನು ತಡೆಯುವ ಮೊದಲ ಬಂಧನ ಒಳಸೆಳೆ ಸ್ನಾಯುಗಳೇ. ಮಲ್ಲಯುದ್ಧದ ಕಥೆಯನ್ನು ಕಟ್ಟಿದವರು ದೇಹದ ದುರ್ಬಲ ಹೊಲಿಗೆ ಎಲ್ಲಿದೆಯೆಂದು ಕಣದಲ್ಲಿ ಕಂಡವರೇ ಆಗಿರಬೇಕು ಎಂದು ನನಗೆ ಅನಿಸುತ್ತದೆ. ಕೂಡುವುದೇ ಬದುಕು, ಅಗಲುವುದೇ ಸಾವು ಎಂಬ ಸಾಂಕೇತಿಕ ವ್ಯಾಖ್ಯಾನಗಳು ಈ ಕಥೆಗೆ ಸಾಕಷ್ಟು ಬಂದಿವೆ. ಅವುಗಳ ಕೆಳಗೆ ಪಟ್ಟು ಹಿಡಿದ ಮೈಯ ಅನುಭವವಿದೆ ಎಂಬುದನ್ನು ಮರೆಯುವುದು ಸರಿಯಲ್ಲ.

ಉಳುಕು, ಸಂಕೋಚ ಮತ್ತು ಭಾಷೆ

ಒಳಸೆಳೆ ಸ್ನಾಯುಗಳಲ್ಲಿ ಹೆಚ್ಚಾಗಿ ಗಾಯಗೊಳ್ಳುವುದು ಉದ್ದನೆಯದು, ಅದೂ ಶ್ರೋಣಿಗೆ ಅಂಟಿದ ಬುಡದ ಹತ್ತಿರ. ಫುಟ್‌ಬಾಲ್, ಹಾಕಿ ಆಟಗಾರರಲ್ಲಿ ಇದು ಸಾಮಾನ್ಯ. ಕಬಡ್ಡಿಯಲ್ಲಿ ಕಾಲು ಚಾಚಿ ಗೆರೆ ಮುಟ್ಟಲು ಹೆಣಗುವವನಿಗೂ ಇದೇ ಅಪಾಯ. 2019ರಲ್ಲಿ ಪ್ರಕಟವಾದ ನಾರ್ವೆಯ ಫುಟ್‌ಬಾಲ್ ಆಟಗಾರರ ಅಧ್ಯಯನವೊಂದರಲ್ಲಿ, ಒಳತೊಡೆಯನ್ನು ಬಲಪಡಿಸುವ ಒಂದೇ ವ್ಯಾಯಾಮದಿಂದ ತೊಡೆಸಂದಿನ ತೊಂದರೆಗಳ ಸಂಭವ ಶೇ. 41ರಷ್ಟು ಕಡಿಮೆಯಾದುದು ಕಂಡುಬಂದಿತು.

ಗ್ರಾಮೀಣ ಪರಿಸರದಲ್ಲಿ ಇಂಥ ನೋವಿಗೆಲ್ಲ ‘ಉಳುಕು’ ಎಂಬ ಒಂದೇ ಹೆಸರು. ಉಳುಕು ತೆಗೆಯುವವರ ಕೈಗುಣವನ್ನು ಅಲ್ಲಗಳೆಯುವುದು ಈ ಲೇಖನದ ಉದ್ದೇಶವಲ್ಲ. ಆದರೆ ಆಗತಾನೆ ಹರಿದ ಸ್ನಾಯುವನ್ನು ಎಣ್ಣೆ ಹಾಕಿ ಬಲವಾಗಿ ತಿಕ್ಕುವುದರಿಂದ ಒಳಗೆ ರಕ್ತಸ್ರಾವ ಹೆಚ್ಚಿ ಹಾನಿಯಾಗುತ್ತದೆ. ಮೊದಲ ಎರಡು ಮೂರು ದಿನ ವಿಶ್ರಾಂತಿಯೇ ಸರಿಯಾದ ಕ್ರಮ. ಇದಕ್ಕಿಂತ ಗಂಭೀರವಾದ ಸಮಸ್ಯೆ ಸಂಕೋಚದ್ದು. ತೊಡೆ ತಟ್ಟುವುದು ಪೌರುಷ, ತೊಡೆಯೇರುವುದು ವಾತ್ಸಲ್ಯ. ಒಳತೊಡೆ ಮಾತ್ರ ಮಾತಿನಿಂದ ಹೊರಗುಳಿದ ಜಾಗ. ಹೆಂಗಸರಂತೂ ‘ಸೊಂಟನೋವು’, ‘ಕಾಲುನೋವು’ ಎಂದು ಹೇಳಿ ಸುಮ್ಮನಾಗುತ್ತಾರೆ. ಅಂಡವಾಯು, ಸೊಂಟದ ಕೀಲಿನ ಸವೆತ, ಕೀಲಿನ ಕ್ಷಯ ಎಲ್ಲವೂ ಈ ಒಂದೇ ಮೌನದಲ್ಲಿ ಅಡಗಬಲ್ಲವು.

ಇಲ್ಲಿ ಅಂಗರಚನೆಯ ಇನ್ನೊಂದು ಅಂಶ ಪ್ರಸ್ತುತವಾಗುತ್ತದೆ. ಒಳಸೆಳೆ ಸ್ನಾಯುಗಳಿಗೆ ಹೋಗುವ ಆಬ್ಟುರೇಟರ್ ನರವೇ ಸೊಂಟದ ಕೀಲಿಗೂ ಮಂಡಿಯ ಕೀಲಿಗೂ ಒಳತೊಡೆಯ ಚರ್ಮಕ್ಕೂ ಕವಲುಗಳನ್ನು ಕೊಡುತ್ತದೆ. ಹೀಗಾಗಿ ಸೊಂಟದ ಕೀಲಿನಲ್ಲಿ ಹುಟ್ಟಿದ ನೋವು ಮಂಡಿಯಲ್ಲಿ ಕಾಣಿಸಿಕೊಳ್ಳುವುದುಂಟು. ಮಂಡಿನೋವೆಂದು ಕುಂಟುವ ಮಗುವಿನ ಮಂಡಿಗೆ ವಾರಗಟ್ಟಲೆ ಎಣ್ಣೆ ತಿಕ್ಕಿ, ರೋಗವಿರುವ ಸೊಂಟವನ್ನು ನೋಡದೆ ಬಿಟ್ಟರೆ ಕಾಲು ಶಾಶ್ವತವಾಗಿ ಗಿಡ್ಡವಾಗಬಹುದು. ಮಿದುಳಿನ ಹಾನಿಯಿಂದ ಹುಟ್ಟುವ ಕಾಯಿಲೆಗಳಲ್ಲಿ ಈ ಸ್ನಾಯುಗಳು ಸದಾ ಬಿಗಿದು, ಮಗು ಮಂಡಿಗಳನ್ನು ಒಂದಕ್ಕೊಂದು ತಾಗಿಸುತ್ತ ಕತ್ತರಿಯಂತೆ ಕಾಲು ಹಾಕುತ್ತದೆ. ಅದನ್ನು ಹಣೆಬರಹವೆಂದು ಬಿಡದೆ ಎಳವೆಯಲ್ಲಿಯೇ ಚಿಕಿತ್ಸೆ ಕೊಡಿಸುವುದು ಸಾಧ್ಯ.

ರೋಗಿಯೊಡನೆ ಮಾತನಾಡಲು ವೈದ್ಯರಿಗೆ ಬೇಕಾದ ಕನ್ನಡ ಪಾರಿಭಾಷಿಕ ಕೋಶದಲ್ಲಿ ದೊರೆಯುವಂಥದಲ್ಲ. ಒಳಸೆಳೆ ಸ್ನಾಯುವಿನ ಗಾಯವನ್ನು ಗುರುತಿಸಲು ಇರುವ ಸರಳ ಪರೀಕ್ಷೆಯಲ್ಲಿ ವೈದ್ಯರು ಮಲಗಿದ ರೋಗಿಯ ಮಂಡಿಗಳ ನಡುವೆ ಮುಷ್ಟಿಯನ್ನಿಟ್ಟು ಎರಡು ಕಡೆಯಿಂದಲೂ ಒತ್ತಲು ಹೇಳುತ್ತಾರೆ. ಒತ್ತಿದಾಗ ತೊಡೆಸಂದಿನಲ್ಲಿ ನೋವು ಮರುಕಳಿಸಿದರೆ ಅನುಮಾನ ಆ ಸ್ನಾಯುವಿನ ಮೇಲೆ. ‘ಅಭಿಕರ್ಷಣ ಮಾಡಿ’ ಎಂದರೆ ಯಾರಿಗೂ ಅರ್ಥವಾಗುವುದಿಲ್ಲ. ‘ಹಾಲು ಕರೆಯುವಾಗ ಪಾತ್ರೆ ಇರುಕಿಕೊಳ್ಳುವ ಹಾಗೆ ನನ್ನ ಕೈಯನ್ನು ಇರುಕಿ’ ಎಂದರೆ, ಹಸು ಕಟ್ಟಿದ ಮನೆಯ ಯಾವ ಅಜ್ಜಿಯೂ ಮರುಮಾತಿಲ್ಲದೆ ಇರುಕುತ್ತಾಳೆ.